ಜೇಬಿನೊಳಗಣ ಪಿಸ್ತೂಲು

ಆಯುಧವು ಕಣ್ಣಿಗೆ ಕಾಣುವಂತಿರಬೇಕೆಂಬುದು ಹಳೆಯ ಕಾಲದ ಒಂದು ಮರ್ಯಾದೆ. ಸೊಂಟದಲ್ಲಿ ಕತ್ತಿಯನ್ನು ಕಟ್ಟಿ ಬಂದವನು ಸ್ನೇಹಕ್ಕೆ ಬಂದನೋ ಕಲಹಕ್ಕೆ ಬಂದನೋ ತಿಳಿಯದಿದ್ದರೂ, ಬರಿಗೈಯಲ್ಲಿ ಬಂದವನಲ್ಲವೆಂಬುದಾದರೂ ಎದುರಿನವರಿಗೆ ತಿಳಿಯುತ್ತಿತ್ತು. ಬಾಕು ಚೂರಿಗಳನ್ನು ಮರೆಸಬಹುದಾಗಿತ್ತು, ನಿಜ. ಆದರೆ ಅವುಗಳ ಪೆಟ್ಟು ತೋಳಿನ ಅಳತೆಯನ್ನು ಮೀರದು. ಬಂದೂಕು ಅಂಗಿಯ ಮಡಿಕೆಯೊಳಗೆ ಸೇರಿಕೊಂಡ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಅಂಥ ಚಿಕ್ಕ ಆಯುಧವನ್ನು ಆರಿಸಿಕೊಂಡವರು ಏನನ್ನು ಪಡೆದರು, ಏನನ್ನು ಬಿಟ್ಟುಕೊಟ್ಟರು ಎಂಬುದು ಈ ಹೊತ್ತಿನ ವಿಷಯ.

ಮೊದಲ ಬಂದೂಕುಗಳನ್ನು ಬಚ್ಚಿಡುವ ಮಾತೇ ಇರಲಿಲ್ಲ. ಮದ್ದಿಗೆ ಕಿಡಿ ತಾಗಿಸಲು ಉರಿಯುವ ಬತ್ತಿಯೊಂದು ಸದಾ ಸಿದ್ಧವಾಗಿರಬೇಕಾಗಿತ್ತು. ಹೊಗೆಯಾಡುವ ಬತ್ತಿಯನ್ನು ನಿಲುವಂಗಿಯೊಳಗೆ ಇಟ್ಟುಕೊಂಡವನು ಶತ್ರುವಿಗಿಂತ ಮೊದಲು ತನ್ನನ್ನೇ ಸುಟ್ಟುಕೊಂಡಾನು. ಹದಿನಾರನೆಯ ಶತಮಾನದ ಆದಿಯಲ್ಲಿ ಯೂರೋಪಿನ ಕುಶಲಿಗಳು, ತಿರುಗುವ ಉಕ್ಕಿನ ಚಕ್ರವು ಕಲ್ಲಿಗೆ ಉಜ್ಜಿ ಕಿಡಿ ಹಾರಿಸುವ ಯಂತ್ರವನ್ನು ಕಂಡುಹಿಡಿದರು. ಅದನ್ನು ಮುಂಚಿತವಾಗಿ ಬಿಗಿದಿಟ್ಟು, ಬೇಕಾದ ಗಳಿಗೆಯಲ್ಲಿ ಹೊರತೆಗೆಯಬಹುದಾಗಿತ್ತು.

ಅಪಾಯವನ್ನು ರಾಜರು ಬಲುಬೇಗನೆ ಅರಿತರು. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನು 1517ರಲ್ಲಿಯೇ ತನ್ನ ನಾಡುಗಳಲ್ಲಿ ತಾನಾಗಿ ಕಿಡಿ ಹೊತ್ತಿಸುವ ಬಂದೂಕುಗಳನ್ನು ನಿಷೇಧಿಸಿದನು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದ 1541ರ ಶಾಸನವು, ಹಿಡಿಯೂ ಸೇರಿ ಒಂದು ಗಜಕ್ಕಿಂತ ಗಿಡ್ಡವಾದ ಕೈಬಂದೂಕು ಕೂಡದೆಂದಿತು. ಈ ಅಳತೆಯನ್ನು ಗಮನಿಸಬೇಕು. ಉದ್ದವಾದ ಬಂದೂಕು ಹೆಚ್ಚು ದೂರ ಹೊಡೆಯುವುದು, ಹೆಚ್ಚು ಬಲವುಳ್ಳದ್ದು. ಆದರೂ ಶಾಸನಕರ್ತರು ಹೆದರಿದ್ದು ಗಿಡ್ಡ ಬಂದೂಕಿಗೆ. ಒಂದನೆಯ ಜೇಮ್ಸನು 1613ರಲ್ಲಿ ಜೇಬಿನ ಪಿಸ್ತೂಲುಗಳ ಮೇಲೆ ಬೇರೆಯೇ ಒಂದು ಘೋಷಣೆಯನ್ನು ಹೊರಡಿಸಬೇಕಾಯಿತೆಂದರೆ, ಹಿಂದಿನ ಕಟ್ಟಳೆಗಳಿಗೆ ಜನ ಎಷ್ಟು ಬೆಲೆ ಕೊಟ್ಟಿದ್ದರೆಂದು ಊಹಿಸಬಹುದು.

ಈ ನಡುವೆ ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಆ ಭೀತಿ ನಿಜವಾಗಿತ್ತು. 1584ರ ಜುಲೈ 10ರಂದು, ಸ್ಪೇಯ್ನಿನ ವಿರುದ್ಧ ದಂಗೆಯೆದ್ದ ನಾಡಿನ ನಾಯಕನಾದ ಆರೆಂಜಿನ ವಿಲಿಯಮ್ಮನು ಊಟ ಮುಗಿಸಿ ಮಹಡಿಯ ಮೆಟ್ಟಿಲಿನತ್ತ ನಡೆದಾಗ, ಪರಿಚಿತನಂತೆ ಮನೆಯೊಳಕ್ಕೆ ಬಂದಿದ್ದ ಬಲ್ತಸಾರ್ ಗೆರಾರನೆಂಬವನು ಪಿಸ್ತೂಲು ಹಾರಿಸಿ ಕೊಂದನು. ವಿಲಿಯಮ್ಮನೇ ಕರುಣೆಯಿಂದ ಕೊಟ್ಟ ಹಣದಲ್ಲಿ ಅವನು ಆ ಆಯುಧವನ್ನು ಕೊಂಡನೆಂದು ಪ್ರತೀತಿ. ಗುಂಡು ತಾಗಿದ ಗೋಡೆಯ ಗುರುತುಗಳನ್ನು ಆ ಮನೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಹಾಗೆಂದು ಕಿಸೆಯ ಪಿಸ್ತೂಲನ್ನು ಕೊಂಡವರೆಲ್ಲ ಘಾತುಕರೆನ್ನುವುದು ಅನ್ಯಾಯ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ದಾರಿಗಳ್ಳರ ಭಯವಿದ್ದ ಪ್ರಯಾಣಿಕರು ಗಾಡಿಯೇರುವ ಮುನ್ನ ಕಿಸೆಯನ್ನು ತಡವಿ ನೋಡಿಕೊಳ್ಳುತ್ತಿದ್ದರು. ಚಳಿಗೆ ಕೈಗವಸಿನಂತೆ ಧರಿಸುವ ತುಪ್ಪಳದ ಚೀಲದೊಳಗೆ ಹೆಂಗಸರು ಅಡಗಿಸಿಡುವಷ್ಟು ಕಿರಿದಾದವನ್ನೂ ಮಾಡುತ್ತಿದ್ದರು. ಇವರ ಆಯ್ಕೆ ಸುಲಭದ್ದಾಗಿರಲಿಲ್ಲ. ಚಕಮಕಿ ಕಲ್ಲನ್ನು ಕಚ್ಚಿಕೊಂಡ ಕೊಕ್ಕು ಬಟ್ಟೆಗೆ ಸಿಕ್ಕಿಕೊಳ್ಳುವುದು. ಕಿವಿಯಲ್ಲಿಟ್ಟ ಮದ್ದು ತೇವಗೊಂಡು ನಿರುಪಯೋಗಿಯಾಗುವುದು. ಕುಶಲಿಗಳು ಕುದುರೆಯನ್ನು ಮಡಿಸಿಡುವಂತೆ ಮಾಡಿದರು, ಕೊಕ್ಕನ್ನು ಪಕ್ಕದಿಂದ ನಡುವಿಗೆ ತಂದರು. ಆದರೂ ಒಂದು ನಳಿಗೆಗೆ ಒಂದೇ ಗುಂಡು. ಗುರಿ ತಪ್ಪಿದವನಿಗೆ ಮತ್ತೆ ಮದ್ದು ತುಂಬಲು ಕಳ್ಳನು ಸಮಯ ಕೊಟ್ಟಾನೆ?

ಮುಂದಿನ ಹೆಜ್ಜೆಯನ್ನಿಟ್ಟವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. ಚಕಮಕಿಯ ಮಿಂಚನ್ನು ಕಂಡು, ಗುಂಡು ಹೊರಡುವ ಮುನ್ನವೇ ಹಕ್ಕಿಗಳು ಹಾರಿಹೋಗುತ್ತವೆಂಬ ಬೇಟೆಗಾರನ ದುಃಖ ಈ ಧರ್ಮಗುರುವಿನದು. ಪೆಟ್ಟಿಗೆ ಸಿಡಿಯುವ ರಾಸಾಯನಿಕವೊಂದನ್ನು ಬಳಸಿ 1807ರಲ್ಲಿ ಆತನು ಹಕ್ಕುಪತ್ರವನ್ನು ಪಡೆದನು. ಅದರಿಂದ ಬೆಳೆದು ಬಂದದ್ದು ತಾಮ್ರದ ಪುಟ್ಟ ಕೇಪು. ಕಲ್ಲೂ ಇಲ್ಲ, ಮಳೆಗೆ ನೆನೆಯುವ ಕಿವಿಯೂ ಇಲ್ಲ. ಪಿಸ್ತೂಲು ನಿಶ್ಚಿಂತೆಯಾಗಿ ಕಿಸೆಯನ್ನು ಸೇರಿತು.

ಈ ಕೇಪಿನಿಂದ ಹೆಸರು ಗಳಿಸಿದವನು, ಮತ್ತು ಹೆಸರನ್ನು ಕಳೆದುಕೊಂಡವನು, ಫಿಲಡೆಲ್ಫಿಯದ ಹೆನ್ರಿ ಡೆರಿಂಜರ್. 1786ರಲ್ಲಿ ಹುಟ್ಟಿದ ಈತನು ಮೊದಲು ಅಮೆರಿಕದ ಸರಕಾರಕ್ಕೆ ಉದ್ದ ಬಂದೂಕುಗಳನ್ನು ಮಾಡಿಕೊಡುತ್ತಿದ್ದವನು. ಅಂಗೈಯಲ್ಲಿ ಅಡಗುವ, ಆದರೆ ದಪ್ಪ ಗುಂಡಿನ ಪಿಸ್ತೂಲನ್ನು ಅವನು ಮಾಡಿದಾಗ ಬೇಡಿಕೆ ಉಕ್ಕಿ ಬಂದಿತು. 1849ರ ಚಿನ್ನದ ಹುಚ್ಚಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಹೊರಟವರಿಗಂತೂ ಅದು ಬೇಕೇ ಬೇಕು. ಒಂದೇ ಗುಂಡಿನ ಆಯುಧವಾದುದರಿಂದ ಅವನ್ನು ಸಾಮಾನ್ಯವಾಗಿ ಜೋಡಿಯಾಗಿ ಮಾರುತ್ತಿದ್ದರು. ಹಕ್ಕುಪತ್ರವನ್ನು ಪಡೆಯದ ಡೆರಿಂಜರನ ಮಾದರಿಯನ್ನು ಎಲ್ಲರೂ ನಕಲು ಮಾಡಿದರು; ಅವನ ಮುದ್ರೆಯನ್ನೂ ಬಿಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ವ್ಯಾಪಾರಿಯ ಮೇಲೆ ಹೂಡಿದ ವ್ಯಾಜ್ಯದಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು 1865ರಲ್ಲಿ ಡೆರಿಂಜರನ ಪರವಾಗಿ ತೀರ್ಪಿತ್ತಿತು. ವ್ಯಾಪಾರಮುದ್ರೆಯ ಕಾನೂನಿನಲ್ಲಿ ಅದು ಹೆಸರಾದ ತೀರ್ಪು. ಆದರೆ ಅದೇ ವರ್ಷ ಆ ಹೆಸರು ಬೇರೊಂದು ಕಾರಣದಿಂದ ಜಗತ್ತಿಗೆಲ್ಲ ತಿಳಿಯಿತು.

1865ರ ಏಪ್ರಿಲ್ 14ರ ರಾತ್ರಿ, ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಅಧ್ಯಕ್ಷ ಲಿಂಕನ್ನನು ನಾಟಕವನ್ನು ನೋಡುತ್ತ ಕುಳಿತಿದ್ದಾಗ, ನಟನಾದ ಜಾನ್ ವಿಲ್ಕ್ಸ್ ಬೂತನು ಹಿಂದಿನಿಂದ ಬಂದು ತಲೆಗೆ ಗುಂಡಿಟ್ಟನು. ಕೈಯಲ್ಲಿದ್ದುದು ಡೆರಿಂಜರನ ಪಿಸ್ತೂಲು. ಉದ್ದ ಸುಮಾರು 6 ಅಂಗುಲ, ತೂಕ ಸುಮಾರು 8 ಔನ್ಸು. ಆ ವೇಳೆಗೆ ಕೋಲ್ಟನ ಆರು ಗುಂಡಿನ ತಿರುಗು ಪಿಸ್ತೂಲು ಅಮೆರಿಕದಲ್ಲಿ ಹೊಸದೇನೂ ಅಲ್ಲ. ಬೂತನು ಹಿಡಿದು ಬಂದದ್ದು ಒಂದೇ ಗುಂಡಿನದನ್ನು. ಆ ಗುಂಡು ಹಾರಿದ ಮೇಲೆ ಪಿಸ್ತೂಲು ಬರಿಯ ಮರ ಕಬ್ಬಿಣದ ತುಂಡು. ತಡೆಯಲು ಬಂದ ಮೇಜರ್ ರಾತ್‌ಬೋನನ ತೋಳನ್ನು ಅವನು ಸೀಳಿದ್ದು ಚೂರಿಯಿಂದ. ನೆಲಕ್ಕೆ ಬಿದ್ದ ಪಿಸ್ತೂಲು ಆ ಕಟ್ಟಡದ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಆತ್ಮರಕ್ಷಣೆಗೆಂದು ಕೊಂಡವನಿಗೆ ಎರಡನೆಯ ಗುಂಡಿಲ್ಲದಿರುವುದು ಪ್ರಾಣಾಂತಿಕವಾದ ಕೊರತೆ. ನಂಬಿ ಬೆನ್ನು ತಿರುಗಿಸಿದವನ ಬಳಿಗೆ ಬರುವವನಿಗೆ ಅದೊಂದು ಕೊರತೆಯೇ ಅಲ್ಲ. ಈ ಚಿಕ್ಕ ಆಯುಧದ ಅವಗುಣಗಳು ಸಜ್ಜನನನ್ನೇ ಹೆಚ್ಚಾಗಿ ಬಾಧಿಸಿದವೆಂದು ನನಗೆ ತೋರುತ್ತದೆ.

ಡೆರಿಂಜರನು 1868ರಲ್ಲಿ ತೀರಿಕೊಂಡನು. ಅವನ ಹೆಸರು, ನಡುವೆ ಒಂದು ಅಕ್ಷರವನ್ನು ಹೆಚ್ಚಾಗಿ ಸೇರಿಸಿಕೊಂಡು, ಯಾರು ಮಾಡಿದ ಪುಟ್ಟ ಪಿಸ್ತೂಲಿಗಾದರೂ ಇಂಗ್ಲಿಷಿನಲ್ಲಿ ಸಾಮಾನ್ಯನಾಮವಾಯಿತು. ರೆಮಿಂಗ್ಟನ್ ಕಂಪೆನಿಯವರು ಒಂದರ ಮೇಲೊಂದು ನಳಿಗೆಯನ್ನಿಟ್ಟು 1866ರಿಂದ 1935ರ ವರೆಗೆ ಮಾಡಿ ಮಾರಿದ್ದು ಆ ಹೆಸರಿನಿಂದಲೇ ಪ್ರಸಿದ್ಧ. ಬೆಲ್ಜಿಯಂ ದೇಶದ ಕಾರ್ಖಾನೆಯೊಂದಕ್ಕಾಗಿ ಜಾನ್ ಬ್ರೌನಿಂಗನು ರಚಿಸಿ, 1906ರಲ್ಲಿ ಮಾರಾಟಕ್ಕೆ ಬಂದ ಪಿಸ್ತೂಲು ನಾಲ್ಕೂವರೆ ಅಂಗುಲದೊಳಗೆ ಆರು ತೋಟಾಗಳನ್ನು ಅಡಗಿಸಿತು. ಹಿಡಿಯನ್ನು ಬಿಗಿಯಾಗಿ ಒತ್ತಿದ ಹೊರತು ಅದರ ಕುದುರೆ ಕದಲದು. ಕಿಸೆಯ ಆಯುಧಕ್ಕೆ ಮೊದಲ ಬಲಿ ಒಡೆಯನೇ ಆಗಬಾರದಷ್ಟೆ! ಆದರೆ ಅದರ ಗುಂಡು ಮಾತ್ರ ಬಲು ದುರ್ಬಲ. ಗಾತ್ರ ಕುಗ್ಗಿದಂತೆ ಏನನ್ನಾದರೂ ತೆರಲೇಬೇಕಾಗಿತ್ತು.

ನಮ್ಮ ದೇಶವೂ ಈ ಕಥೆಯಿಂದ ಹೊರಗುಳಿಯಲಿಲ್ಲ. 1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾಸಭೆಯಲ್ಲಿ ಬಾಂಬು ಸಿಡಿಯಿತು. ಸಭೆಗೆ ಬರುವವರನ್ನು ಶೋಧಿಸಿ ಒಳಗೆ ಬಿಡಬೇಕೆಂದು ಪೊಲೀಸರು ಬಯಸಿದರು, ಮಹಾತ್ಮರು ಒಪ್ಪಲಿಲ್ಲ. ಹತ್ತು ದಿನಗಳ ತರುವಾಯ ಸಂಜೆಯ ಪ್ರಾರ್ಥನೆಗೆ ನಡೆದು ಬರುತ್ತಿದ್ದ ಅವರೆದುರು ನಿಂತ ಗೋಡ್ಸೆ, ಇಟಲಿಯ ಬೆರೆಟಾ ಪಿಸ್ತೂಲಿನಿಂದ ಮೂರು ಗುಂಡುಗಳನ್ನು ಹಾರಿಸಿದನು. ಅದರಲ್ಲಿ ಏಳು ತೋಟಾಗಳನ್ನು ತುಂಬಬಹುದು. ಅದರ ಉದ್ದವೂ, ಬೂತನ ಪಿಸ್ತೂಲಿನಂತೆಯೇ, 6 ಅಂಗುಲ.

ಅಳತೆಯ ಮೇಲಣ ಕಾನೂನಿನ ಕಣ್ಣು ಮಾತ್ರ ಹೆನ್ರಿಯ ಕಾಲದಿಂದ ಕದಲಿಲ್ಲ. ಅಮೆರಿಕದ ಕೆಂಟಕಿ ಸಂಸ್ಥಾನವು 1813ರಲ್ಲಿ ಕಿಸೆಯ ಪಿಸ್ತೂಲನ್ನು ಮರೆಸಿ ಒಯ್ಯುವುದನ್ನು ಪ್ರಯಾಣಿಕರ ಹೊರತು ಮಿಕ್ಕವರಿಗೆ ನಿಷೇಧಿಸಿತು; ನ್ಯಾಯಾಲಯವು 1822ರಲ್ಲಿ ಆ ಕಾನೂನನ್ನು ತಳ್ಳಿಹಾಕಲು, ಜನರು 1850ರಲ್ಲಿ ಸಂಸ್ಥಾನದ ಸಂವಿಧಾನವನ್ನೇ ಬದಲಾಯಿಸಿಕೊಂಡರು. ಭಾರತದ 1959ರ ಆಯುಧ ಶಾಸನದ ಆರನೆಯ ಪ್ರಕರಣದಲ್ಲಿ, ಪ್ರತ್ಯೇಕ ಪರವಾನಗಿಯಿಲ್ಲದೆ ಯಾರೂ ಬಂದೂಕಿನ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಕೂಡದೆಂದು ಬರೆದಿದೆ.