ಶಿಶುವಿನ ರಾತ್ರಿ ನಿದ್ದೆ

ಶಿಶುವಿನ ರಾತ್ರಿ ನಿದ್ದೆ ಎಂದರೆ, ಹುಟ್ಟಿದಾಗ ಹಗಲಿರುಳು ಚದುರಿಹೋಗಿರುವ ಮಗುವಿನ ನಿದ್ದೆ ಮೊದಲ ವರ್ಷದಲ್ಲಿ ಮೆಲ್ಲಮೆಲ್ಲನೆ ರಾತ್ರಿಯ ಹೊತ್ತಿಗೆ ಒಗ್ಗೂಡುವ ಬೆಳವಣಿಗೆ. ಅದಕ್ಕೆ ಮನೆಯವರು ಕೊಡುವ ನೆರವೂ ಇದರಲ್ಲಿ ಸೇರುತ್ತದೆ.

ಮೊದಲ ಮೂರು ತಿಂಗಳು ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಅರಗುತ್ತದೆ. ಹಾಗಾಗಿ ಈ ನಿದ್ದೆ ಕೆಲವೇ ಗಂಟೆಗಳ ತುಣುಕುಗಳಲ್ಲಿ ಬರುತ್ತದೆ. ಅದರಲ್ಲಿ ಸುಮಾರು ಅರ್ಧ ಭಾಗ ಚಲನೆಯ ನಿದ್ದೆ: ರೆಪ್ಪೆಯಡಿ ಕಣ್ಣು ಹೊರಳುತ್ತದೆ, ತುಟಿ ನಗುತ್ತದೆ, ಮಗು ಮುಲುಗುತ್ತದೆ. ಎಚ್ಚರವಾಯಿತೆಂದು ಆಗಲೇ ಎತ್ತಿಕೊಂಡರೆ ನಿದ್ದೆಯಲ್ಲಿದ್ದ ಮಗು ನಿಜವಾಗಿ ಎದ್ದುಬಿಡಬಹುದು. ಕತ್ತಲಾದಾಗ ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನಿನ ಲಯ ಎರಡು-ಮೂರು ತಿಂಗಳಿಗೆ ಕಾಣಿಸಿಕೊಳ್ಳುತ್ತದೆ.

‘ರಾತ್ರಿಯಿಡೀ ಮಲಗುವುದು’ ಎಂದರೆ ಏನು ಎಂಬುದೇ ಈ ವಿಷಯದ ಮುಖ್ಯ ಪ್ರಶ್ನೆ. 1957ರಲ್ಲಿ ಮೂರ್ ಮತ್ತು ಉಕೊ ಎಂಬ ಬ್ರಿಟಿಷ್ ಸಂಶೋಧಕರು ಮಧ್ಯರಾತ್ರಿಯಿಂದ ಬೆಳಗಿನ ಜಾವ 5ರವರೆಗಿನ ಅವಧಿಯನ್ನು ಅಳತೆಯಾಗಿಟ್ಟುಕೊಂಡರು. ಅದರಂತೆ ಮೂರು ತಿಂಗಳಿಗೆ ಶೇ. 70ರಷ್ಟು ಶಿಶುಗಳು ರಾತ್ರಿ ಮಲಗುತ್ತಿದ್ದವು. ಅಂದರೆ ಮುಂದೆ ಬಹಳ ಕಾಲ ಉಲ್ಲೇಖಗೊಂಡ ಈ ‘ಇಡೀ ರಾತ್ರಿ’ ಬರೀ ಐದು ಗಂಟೆಯದು. ಅದೂ ತಾಯಂದಿರು ಹೇಳಿದ್ದನ್ನು ಆಧರಿಸಿದ್ದು. ಲೆಕ್ಕಕ್ಕೆ ಬಂದದ್ದು ಅವರ ಕಿವಿಗೆ ಬಿದ್ದ ಅಳು ಮಾತ್ರ. 1970ರ ದಶಕದ ಕೊನೆಗೆ ಅಮೆರಿಕದ ಥಾಮಸ್ ಆಂಡರ್ಸ್ ಮನೆಗಳಲ್ಲೇ ವಿಡಿಯೊ ಇಟ್ಟು ನೋಡಿದಾಗ ಚಿತ್ರ ಬದಲಾಯಿತು. ‘ಚೆನ್ನಾಗಿ ಮಲಗುವ’ ಶಿಶುಗಳೂ ರಾತ್ರಿ ಏಳುತ್ತಿದ್ದವು. ಕೆಲವು ಸದ್ದಿಲ್ಲದೆ ಮತ್ತೆ ನಿದ್ದೆಹೋದರೆ ಕೆಲವು ಅತ್ತು ಕರೆಯುತ್ತಿದ್ದವು. 2018ರ ಕೆನಡಾದ ಅಧ್ಯಯನದಲ್ಲಿ ಆರು ತಿಂಗಳ ಶಿಶುಗಳಲ್ಲಿ ಶೇ. 38ರಷ್ಟು ಒಂದೇ ಸಮನೆ ಆರು ಗಂಟೆ ಮಲಗುತ್ತಿರಲಿಲ್ಲ. ವರ್ಷ ತುಂಬಿದವುಗಳಲ್ಲಿ ಶೇ. 28. ಅವುಗಳ ಬೆಳವಣಿಗೆಯಲ್ಲಿ ಕೊರತೆ ಕಾಣಲಿಲ್ಲ. ಆದ್ದರಿಂದ ಮಗು ಕಲಿಯಬೇಕಾದದ್ದು ಏಳದಿರುವುದನ್ನಲ್ಲ, ಎದ್ದ ಮೇಲೆ ಮತ್ತೆ ಮಲಗುವುದನ್ನು ಎನ್ನುವುದು ಹೆಚ್ಚು ಸರಿಯೆನಿಸುತ್ತದೆ.

ಮಗು ತಾನಾಗಿ ಮಲಗಲೆಂದು ಅದನ್ನು ಅಳಲು ಬಿಡಬೇಕೆಂಬ ಸಲಹೆ ನ್ಯೂಯಾರ್ಕಿನ ಮಕ್ಕಳ ವೈದ್ಯ ಎಮೆಟ್ ಹೋಲ್ಟ್ ಅವರ 1894ರ ಪುಸ್ತಕದಲ್ಲೇ ಇದೆ. 1985ರಲ್ಲಿ ಬಾಸ್ಟನ್ನಿನ ರಿಚರ್ಡ್ ಫರ್ಬರ್ ಅದನ್ನು ಸಡಿಲಿಸಿ, ಹಂತಹಂತವಾಗಿ ಅಂತರ ಹೆಚ್ಚಿಸುತ್ತ ಹೋಗಿ ಸಂತೈಸುವ ಕ್ರಮವನ್ನು ಪ್ರಚುರಪಡಿಸಿದರು. ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಆರಂಭಿಸುವ ಇಂಥ ಕ್ರಮಗಳಿಂದ ಐದು ವರ್ಷಗಳ ಬಳಿಕ ಹಾನಿಯೂ ಇಲ್ಲ, ವಿಶೇಷ ಲಾಭವೂ ಇಲ್ಲ ಎಂದು 2012ರ ಆಸ್ಟ್ರೇಲಿಯಾದ ಅಧ್ಯಯನ ತಿಳಿಸಿತು.

ಕರ್ನಾಟಕದಲ್ಲಿ ತೊಟ್ಟಿಲು, ಸೀರೆಯ ಜೋಲಿ ಮತ್ತು ಜೋಗುಳ ರೂಢಿಯಲ್ಲಿವೆ. ರಾತ್ರಿ ಮಗು ತಾಯಿಯ ಮಗ್ಗುಲಲ್ಲಿ ಮಲಗುವುದೇ ಹೆಚ್ಚು. ಇಲ್ಲಿ ರಾತ್ರಿ ಹಾಲೂಡಿಸುವುದನ್ನು ದುರಭ್ಯಾಸವೆಂದು ಎಣಿಸುವುದಿಲ್ಲ. ನಿತ್ಯ ಒಂದೇ ಹೊತ್ತಿಗೆ ಸ್ನಾನ, ಹಾಲು, ಮಂದ ಬೆಳಕು, ಹಾಡು ಎಂಬ ಕ್ರಮವಿದ್ದರೆ ಮಗುವಿಗೆ ಮಲಗುವ ಹೊತ್ತು ಗುರುತು ಸಿಗುತ್ತದೆ.

ಮಗುವನ್ನು ಯಾವಾಗಲೂ ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗಿಸಬೇಕು. ಅಮೆರಿಕದಲ್ಲಿ 1994ರಿಂದ ಈ ಪ್ರಚಾರ ನಡೆದ ಮೇಲೆ ಶಿಶುಗಳ ಹಠಾತ್ ಸಾವು ಅರ್ಧಕ್ಕೂ ಕೆಳಗಿಳಿಯಿತು. ವೈದ್ಯರು ಹೇಳದೆ ನಿದ್ದೆಯ ಔಷಧ ಕೊಡಕೂಡದು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರವಿದ್ದರೆ, ಅಥವಾ ಮಗು ಹಾಲು ಬಿಟ್ಟು ಎಬ್ಬಿಸಿದರೂ ಏಳದೆ ಮಲಗಿದ್ದರೆ, ಕೂಡಲೇ ವೈದ್ಯರಿಗೆ ತೋರಿಸಬೇಕು.