ಹೈದರನ ಕುದುರೆಗೆ ಎಟುಕದ ಕಡಲು

1781ರ ಫೆಬ್ರುವರಿ. ಕೋರಮಂಡಲ ತೀರದ ಕಡಲೂರಿನಲ್ಲಿ ಸರ್ ಐರ್ ಕೂಟನ ಇಂಗ್ಲಿಷ್ ಸೇನೆ ಇಕ್ಕಟ್ಟಿಗೆ ಸಿಕ್ಕಿಕೊಂಡಿತ್ತು. ಸುತ್ತಲಿನ ನಾಡನ್ನು ಹೈದರ್ ಅಲಿಯ ಸವಾರರು ಬರಿದುಮಾಡಿದ್ದರು. ಅಕ್ಕಿ ಬಂದರೆ ಸಮುದ್ರದಿಂದಲೇ ಬರಬೇಕು. ಅಲ್ಲಿಯೂ ಆಗ ಇದ್ದದ್ದು ಹೈದರನ ಮಿತ್ರರಾದ ಫ್ರೆಂಚರ ಹಡಗುಗಳು. ಇಂಗ್ಲಿಷ್ ನೌಕಾಪಡೆ ಪಶ್ಚಿಮ ಕರಾವಳಿಗೆ ಹೋಗಿತ್ತು.

ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಧೂಳೀಪಟ ಮಾಡಿದ್ದ ಹೈದರನಿಗೆ ಇಂಥ ಗಳಿಗೆ ಮತ್ತೆ ಬರುವಂತಿರಲಿಲ್ಲ. ಅಲ್ಲಿಯೇ ನಿಲ್ಲಬೇಕೆಂದು ಫ್ರೆಂಚ್ ನೌಕಾಧಿಪತಿ ದೋರ್ವ್‌ನನ್ನು ಕೇಳಿಕೊಂಡ. ಆತ ನಿಲ್ಲಲಿಲ್ಲ. ತಿಂಗಳ ನಡುವೆಯೇ ಹಾಯಿ ಬಿಚ್ಚಿ ಮಾರಿಷಸ್ ಕಡೆ ಹೊರಟುಹೋದ. ಕೂಟನಿಗೆ ಕಡಲ ದಾರಿ ತೆರೆಯಿತು. ಜುಲೈ 1ರಂದು ಪರಂಗಿಪೇಟೆಯಲ್ಲಿ ಅದೇ ಸೇನೆ ಹೈದರನನ್ನು ಸೋಲಿಸಿತು.

ಎಲ್ಲ ತಪ್ಪನ್ನೂ ದೋರ್ವ್‌ನ ತಲೆಗೆ ಕಟ್ಟುವುದು ಸುಲಭ. ಆದರೆ ಮೈಸೂರು ಎರವಲು ಹಡಗುಗಳನ್ನು ನೆಚ್ಚಬೇಕಾದದ್ದು ಏಕೆ? ಹೈದರನಿಗೆ ಹಡಗಿನ ಬೆಲೆ ತಿಳಿದಿರಲಿಲ್ಲವೆಂದಲ್ಲ. 1763ರಲ್ಲಿ ಬಿದನೂರಿನೊಡನೆ ಮಂಗಳೂರು, ಹೊನ್ನಾವರದ ಬಂದರುಗಳು ಕೈಸೇರಿದಾಗಲೇ ನೌಕಾಪಡೆ ಕಟ್ಟತೊಡಗಿದ. 1768ರಲ್ಲಿ ಮುಂಬಯಿಯ ಇಂಗ್ಲಿಷರು ಮಂಗಳೂರಿಗೇ ನುಗ್ಗಿದರು. ಹಲವು ಹಡಗುಗಳು ಅವರ ಪಾಲಾದವು. ಮತ್ತೆ ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಬಂದು ಅವನ್ನೂ ನಾಶಮಾಡಿದ. ಘಟ್ಟದ ಕಾಡುಗಳಲ್ಲಿ ತೇಗಕ್ಕೇನೂ ಬರವಿರಲಿಲ್ಲ. ಬರವಿದ್ದದ್ದು ತೋಪಿನ ಹಡಗು ನಡೆಸಬಲ್ಲ ನುರಿತ ನಾವಿಕರಿಗೆ. ಸವಾರರನ್ನು ಕಲೆಹಾಕಿದಷ್ಟು ಬೇಗ ಅಂಥವರನ್ನು ಕಲೆಹಾಕಲಾಗದು.

ಇಂಗ್ಲಿಷರಿಗಾದರೋ ಕಡಲೇ ಹೆದ್ದಾರಿ. ಪೊಳ್ಳಿಲೂರಿನ ಸೋಲಿನ ಸುದ್ದಿ ಮುಟ್ಟಿದ್ದೇ ತಡ, ಕಲ್ಕತ್ತೆಯಿಂದ ಹಣ, ಸೈನಿಕರೊಡನೆ ಹಡಗೇರಿದ ಕೂಟ್ ನವೆಂಬರಿನಲ್ಲಿ ಮದರಾಸಿನಲ್ಲಿ ಇಳಿದಿದ್ದ. ಹೈದರ್ ಆರ್ಕಾಟಿನ ಸೀಮೆಯನ್ನೆಲ್ಲ ಸುಟ್ಟರೂ ಕಲ್ಕತ್ತೆಯ ಬೊಕ್ಕಸ ಅವನ ಕುದುರೆಗಳಿಗೆ ಎಟುಕುವಂತಿರಲಿಲ್ಲ.

1782ರಲ್ಲಿ ಬಂದ ಫ್ರೆಂಚ್ ಅಡ್ಮಿರಲ್ ಸಫ್ರನ್ ಬೇರೆ ಬಗೆಯ ಮನುಷ್ಯ. ಅದೊಂದೇ ವರ್ಷ ಹ್ಯೂಸನೊಡನೆ ನಾಲ್ಕು ಬಾರಿ ಕಾದಿದ, ತಿರುಕೋಣಮಲೆಯನ್ನು ಗೆದ್ದ. ಆದರೆ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಮರುವರ್ಷ ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದೊಡನೆ ಫ್ರೆಂಚರು ಕೈತೊಳೆದುಕೊಂಡರು, ಟಿಪ್ಪು ಒಂಟಿಯಾದ.

ತಂದೆಯ ಕೊರಗು ಮಗನನ್ನು ಬಿಡಲಿಲ್ಲ. 1796ರಲ್ಲಿ ಟಿಪ್ಪು ನೌಕಾ ಇಲಾಖೆಯನ್ನೇ ತೆರೆದು 40 ಯುದ್ಧನೌಕೆಗಳಿಗೆ ಅಪ್ಪಣೆ ಕೊಟ್ಟ. ಆ ಹೊತ್ತಿಗೆ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕೈಬಿಟ್ಟಿತ್ತು, ಮಲಬಾರಿನ ತೀರವೂ ಹೋಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗಲೂ ಆ ನೌಕಾಪಡೆ ಸಿದ್ಧವಾಗಿರಲಿಲ್ಲ.