ಹುಣಸಿ ಹುಳಿ ಹೋಗಿ ಹುಲಿ ಆಗಿದ್ದು

ನಮ್ಮವ್ವಗ ಈಗ 82 ವರ್ಷ. ಆಕಿ ತನ್ನ ಕೈಯಾರೆ ಬರದಿಟ್ಟ ಅಡಗಿ ವಹಿ ಒಂದು ಅದ. ಮಸಾಲಿ ಪುಡಿ, ಗುರೆಳ್ಳು ಚಟ್ನಿ, ಮಾದ್ಲಿ, ಎಲ್ಲಾದರ ಅಳತಿನೂ ಅದರಾಗ ಅವ. ಹಾಳಿ ಹಳದಿ ಆಗ್ಯಾವ, ಎಣ್ಣಿ ಕಲಿ ಬಿದ್ದಾವ. ಅವ್ವನ ಕಣ್ಣೂ ಮಂಜಾಗ್ಯಾವ. "ದೊಡ್ಡ ಅಕ್ಷರದಾಗ ತಗದು ಕೊಡs, ನಾ ಒಮ್ಮೆ ಪೂರಾ ಓದಿ ತಪ್ಪಿದ್ರ ತಿದ್ದಿ ಇಡ್ತೀನಿ" ಅಂದ್ಲು. ಆತು ಅಂತ ಲ್ಯಾಪ್‌ಟಾಪ್ ಮುಂದ ಕೂತು ಒಂದು ಹಾಳಿ ಬಡದು, ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ.

ಅವ್ವ ಕನ್ನಡಕಾ ಏರಿಸಿ ಓದಿದ್ಲು. ಆಮ್ಯಾಲೆ ನನ್ನ ಮಾರಿ ನೋಡಿದ್ಲು. "ಸಾರಿಗೆ ಹುನಸಿ ಹುಲಿ ಹಾಕು ಅಂತ ಬರದೀಯಲ್ಲ, ಹುಲಿ ಎಲ್ಲಿಂದ ತರೂದವಾ?"

ನಕ್ಕೆ ಖರೆ, ಆದ್ರ ಮನಸ್ಸಿಗೆ ಕೆಟ್ಟನಿಸ್ತು. ತಪ್ಪು ನಂದಲ್ಲ, ನನ್ನ ಎಡಗೈ ಕಿರಿಬೆರಳಿಂದು. ಎರಡು ವರ್ಷದ ಹಿಂದ ಹಿತ್ತಲ ಮೆಟ್ಟಲದಾಗ ಜಾರಿ ಬಿದ್ದಾಗ ಅದರ ಎಲುಬು ಮುರೀತು. ಕೂಡೇನೋ ಕೂಡೇದ, ಆದ್ರ ಬಗ್ಗಂಗಿಲ್ಲ. ಎಡಗಡೆ ಶಿಫ್ಟ್ ಕೀಲಿ ಒತ್ತೂದು ಅದೇ ಬೆರಳಿನ ಕೆಲಸ.

ನಾ ಪಿಯುಸಿ ಮುಗಿಸಿದ ಮ್ಯಾಲೆ ಮದವಿ ಆಗೂತನಕ ಸುಮ್ನ ಯಾಕ ಕೂಡೂದು ಅಂತ ಟೈಪಿಂಗ್ ಕ್ಲಾಸಿಗೆ ಹಾಕಿದ್ರು. ಎ ಎಸ್ ಡಿ ಎಫ್ ಅಂತ ತಿಂಗಳಗಟ್ಟಲೆ ಬಡದ ಕೈ ಇದು. ಅಲ್ಲಿ ಮೊದಲು ಕಲಿಸಿದ ನೇಮ ಅಂದ್ರ, ಬಲಗೈ ಅಕ್ಷರಕ್ಕ ಎಡಗೈ ಶಿಫ್ಟ್, ಎಡಗೈ ಅಕ್ಷರಕ್ಕ ಬಲಗೈ ಶಿಫ್ಟ್. ಮೂವತ್ತೈದು ವರ್ಷ ಆದ್ರೂ ಕೈ ಅದನ್ನ ಬಿಟ್ಟಿಲ್ಲ.

ಆಗಿನ ಶಿಫ್ಟ್ ಅಂದ್ರ ಖರೇನ ಶಿಫ್ಟ್. ಒತ್ತಿದ್ರ ಯಂತ್ರದ ಒಂದು ಭಾಗನೇ ಎದ್ದು ಸರೀತಿತ್ತು. ಅಮೆರಿಕಾದ ಮಿಲ್ವಾಕೀ ಊರಿನ ಕ್ರಿಸ್ಟೋಫರ್ ಶೋಲ್ಸ್ ಅನ್ನವರು 1868ರಲ್ಲಿ ತಮ್ಮ ಗೆಳೆಯರ ಜೋಡಿ ಟೈಪ್‌ರೈಟರಿಗೆ ಪೇಟೆಂಟ್ ಪಡೆದರು. 1874ರಲ್ಲಿ ಅದನ್ನು ಮಾರಾಟಕ್ಕೆ ತಂದದ್ದು ರೆಮಿಂಗ್ಟನ್ ಕಂಪನಿ. ಬಂದೂಕು ಮತ್ತು ಹೊಲಿಗಿ ಮಶೀನು ಮಾಡೋ ಕಂಪನಿ ಅದು. ಹಿಂಗಾಗಿ ಮೊದಲನೇ ಟೈಪ್‌ರೈಟರಿಗೆ ಹೊಲಿಗಿ ಮಶೀನಿನಂಥಾ ಸ್ಟ್ಯಾಂಡು, ಮೈಮ್ಯಾಲೆ ಹೂವಿನ ಚಿತ್ರ, ಸಾಲು ಬದಲಿ ಮಾಡಲಿಕ್ಕೆ ಕಾಲಾಗ ತುಳಿಯೋ ಪೆಡಲು ಸಹಿತ ಇತ್ತು! ಅದರಾಗ ದೊಡ್ಡ ಅಕ್ಷರ ಅಷ್ಟೇ ಬರ್ತಿದ್ದವು. 1878ರ ಎರಡನೇ ಮಾದರಿಯೊಳಗ ಒಂದೇ ಕೀಲಿಯಿಂದ ಸಣ್ಣದು ದೊಡ್ಡದು ಎರಡೂ ಮೂಡಿಸಲು ಶಿಫ್ಟ್ ಬಂತು. ಭಾರಾದ ಶಿಫ್ಟ್ ಹಿಡಿದು ಕೂಡಲಿಕ್ಕೆ ಬೆರಳು ಸೋಲ್ತಾವಂತ, ಅದನ್ನ ಸಿಗಿಸಿ ಇಡೋ ಶಿಫ್ಟ್ ಲಾಕೂ ಮುಂದ ಬಂತು.

ಶಿಫ್ಟ್ ಲಾಕಿಗೆ ಒಂದು ತೊಂದರೆ. ಅದನ್ನ ಹಾಕಿ ಅಂಕಿ ಒತ್ತಿದ್ರ ಅಂಕಿ ಬರಂಗಿಲ್ಲ, ಅದರ ಮ್ಯಾಲಿನ ಚಿಹ್ನೆ ಬರ್ತದ. ಅಮೆರಿಕಾದ ಬೆಲ್ ಲ್ಯಾಬ್ಸಿನೊಳಗ 1960ರ ದಶಕದಲ್ಲಿ ಡಗ್ ಕೆರ್ ಅನ್ನೋ ಇಂಜಿನಿಯರ್ ಇದ್ದರು. ತಮ್ಮ ಸಾಹೇಬರ ಸೆಕ್ರೆಟರಿ ವಿಳಾಸ ಬಡಿಯುವಾಗ ಮನಿ ನಂಬರಿನ ಜಾಗಾದಾಗ ಡಾಲರ್ ಗುರುತು ಬಂದು ಬ್ಯಾಸರ ಮಾಡ್ಕೊಳ್ಳೋದನ್ನ ನೋಡಿ, ಅಕ್ಷರಕ್ಕಷ್ಟೇ ಹತ್ತೋ ಕೀಲಿಯ ವಿಚಾರ ತಮಗ ಹೊಳೀತು ಅಂತ ಅವರೇ ಬರಕೊಂಡಾರ. ಈಗಿನ ಕ್ಯಾಪ್ಸ್ ಲಾಕ್ ಮಾಡೂದು ಅದೇ ಕೆಲಸ.

ಆದ್ರ ಈ ಕ್ಯಾಪ್ಸ್ ಲಾಕ್ 'ಎ' ಕೀಲಿಯ ಮಗ್ಗಲದಾಗ, ಅಂಥಾ ಆಯಕಟ್ಟಿನ ಜಾಗಾದಾಗ ಯಾಕ ಕೂತದ? 1981ರ ಐಬಿಎಂ ಪಿಸಿಯೊಳಗ ಅಲ್ಲಿ ಕಂಟ್ರೋಲ್ ಕೀಲಿ ಇತ್ತು. ಕ್ಯಾಪ್ಸ್ ಲಾಕ್ ಕೆಳಗ ಸ್ಪೇಸ್ ಬಾರಿನ ಬಲಕ್ಕ ಮುದುಡಿಕೊಂಡು ಕೂತಿತ್ತು. ಆ ದಶಕದ ನಡುವ ಅದೇ ಕಂಪನಿ 101 ಕೀಲಿಯ ಹೊಸ ಕೀಬೋರ್ಡ್ ತಂದಾಗ ಎರಡರ ಜಾಗಾ ಬದಲಾತು. ಉಳಿದ ಕಂಪನಿಗಳು ಅದನ್ನೇ ನೋಡಿ ಮಾಡಿದವು. ಅಂದ್ರ ನಮ್ಮ ಕೈಯಾಗಿನ ಕೀಬೋರ್ಡ್ ದೇವರು ಬರದ ಹಣೆಬರಹ ಏನಲ್ಲ.

ಇನ್ನ ನಮ್ಮ ಕನ್ನಡದ ಮಾತು. ಟೈಪ್‌ರೈಟರಿಗೆ ಕನ್ನಡದ ಕೀಲಿಮಣೆ ಹೊಂದಿಸಿದವರು ಅನಂತ ಸುಬ್ಬರಾಯರು. ಕಂಪ್ಯೂಟರ್ ಬಂದ ಮ್ಯಾಲೆ ಭಾರತ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಎಲ್ಲಾ ಭಾಷೆಗೂ ಹೊಂದೋ ಇನ್‌ಸ್ಕ್ರಿಪ್ಟ್ ತಂತು. ಅದರಾಗ ಸ್ವರ ಹೆಚ್ಚಾಗಿ ಎಡಗೈಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ. ವಿಚಾರ ಚೊಲೋನೇ ಅದ, ಆದ್ರ ಇಂಗ್ಲಿಷ್ ಕಲ್ತ ಕೈ ಕೇಳಬೇಕಲ್ಲ! ಹೆಚ್ ಒತ್ತಿದ್ರ 'ಪ' ಬರ್ತದ, ಎಲ್ ಒತ್ತಿದ್ರ 'ತ'. ನಾ ಎಂಟು ದಿನ ಹೆಣಗಿ ಬಿಟ್ಟೆ. ನನ್ನಂಥವರಿಗೆ ಪುಣ್ಯಾ ಕಟಗೊಂಡವರು ಕೆ.ಪಿ. ರಾಯರು. ಕೆ ಅಂದ್ರ ಕ, ಶಿಫ್ಟ್ ಹಿಡಿದ ಕೆ ಅಂದ್ರ ಖ, ಅರ್ಧಾಕ್ಷರಕ್ಕ ಎಫ್. ಇಂಗ್ಲಿಷಿನ 26 ಕೀಲಿಯೊಳಗ ಇಡೀ ಅಕ್ಷರಮಾಲಿ ಕೂಡಿಸಿಬಿಟ್ರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಾಗ ಇರೂದು ಅದೇ ಜೋಡಣಿ, ರಾಜ್ಯ ಸರಕಾರ ಒಪ್ಪಿದ್ದೂ ಅದನ್ನೇ.

ಆದ್ರ 26 ಕೀಲಿಯೊಳಗ ಎಲ್ಲಾ ಹಿಡಿಸಬೇಕಂದ್ರ ಅರ್ಧಕ್ಕರ್ಧ ಅಕ್ಷರ ಶಿಫ್ಟಿನ ಮ್ಯಾಲೆ ನಿಂತಾವ. ಳ ಅಂದ್ರ ಶಿಫ್ಟ್ ಎಲ್, ಣ ಅಂದ್ರ ಶಿಫ್ಟ್ ಎನ್, ಸೊನ್ನಿ ಅಂದ್ರ ಶಿಫ್ಟ್ ಎಂ. ಈ ಮೂರೂ ಬಲಗೈ ಅಕ್ಷರ, ಹಿಂಗಾಗಿ ಮೂರಕ್ಕೂ ಎಡಗಡೆ ಶಿಫ್ಟೇ ಆಗಬೇಕು. ಈಗ ನಮ್ಮ ಅಡಗಿಮನಿ ಒಳಗೊಮ್ಮೆ ಕಣ್ಣಾಡಸ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬ್ಯಾಳಿ, ಎಳ್ಳು, ಎಣ್ಣಿ, ಬೆಣ್ಣಿ, ಒಣಮೆಣಸಿನಕಾಯಿ, ಇಂಗು, ಕೊತ್ತಂಬರಿ. ನನ್ನ ಬೆರಳು ಸೋತು ಶಿಫ್ಟ್ ತಪ್ಪಿದ್ರ ಬೆಣ್ಣಿ 'ಬೆನ್ನಿ', ಇಂಗು 'ಇಮಗು', ಖಾರ 'ಕಾರ'. ಹುಳಿ ಹುಲಿ ಆಗಿದ್ದು ಹಿಂಗ.

ಪುಣೆದಾಗಿರೋ ಮಗಗ ಫೋನ್ ಮಾಡಿ ಹೇಳಿದೆ. ಅಂವಾ, "ಅಮ್ಮಾ, ನೀ ಕ್ಯಾಪ್ಸ್ ಲಾಕ್ ಯಾವತ್ತರೆ ಬಳಸ್ತೀ ಏನು?" ಅಂದ. ಇಲ್ಲ ಅಂದೆ. "ಮತ್ತ ಅದನ್ನೇ ಶಿಫ್ಟ್ ಮಾಡಿಬಿಡೂಣು" ಅಂದ. ಕೀಲಿ ಮ್ಯಾಲೆ ಏನರೆ ಛಾಪಿಸಿರಲಿ, ಒತ್ತಿದಾಗ ಕಂಪ್ಯೂಟರಿಗೆ ಹೋಗೂದು ಒಂದು ನಂಬರ್ ಅಷ್ಟೇ ಅಂತ. ಎಡಗಡೆ ಶಿಫ್ಟಿಗೆ 42, ಕ್ಯಾಪ್ಸ್ ಲಾಕಿಗೆ 58. "58 ಬಂದ್ರ ಅದನ್ನ 42 ಅಂತ ತಿಳ್ಕೊ" ಅಂತ ವಿಂಡೋಸಿಗೆ ಒಂದು ಚೀಟಿ ಬರದಿಟ್ಟರ ಆತು. ಆ ಚೀಟಿ ಬರಿಯೋ ಶಾರ್ಪ್‌ಕೀಸ್ ಅನ್ನೋ ಪುಕ್ಕಟೆ ತಂತ್ರಾಂಶ ಇಳಿಸಿಕೊಂಡು, ಅಂವಾ ಹೇಳಿದಂಗ ಒತ್ತಿ, ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದೆ.

ಈಗ ಬೆರಳು ಬಗ್ಗಿಸೋ ಕೆಲಸೇ ಇಲ್ಲ. 'ಎ' ಮ್ಯಾಲಿಂದ ನೆಟ್ಟಗಿದ್ದಂಗೇ ಒಂದೀಟು ಎಡಕ್ಕ ಸರಸಿದ್ರ ಶಿಫ್ಟ್. ಮೊದಲಿಗೆ ಬಡದ ಶಬ್ದ 'ಹಣ್ಣು'. ಒಂದು ಶಬ್ದಕ್ಕ ಎರಡು ಶಿಫ್ಟು, ಎರಡೂ ಬಂದವು. ಹೆಂಗಸರ ಕಣ್ಣಾಗ ನೀರು ಬರಲಿಕ್ಕೆ ದೊಡ್ಡ ಕಾರಣ ಬೇಕಾಗಿಲ್ಲ ಅಂತ ನಮ್ಮನಿಯವರು ಅಂತಿರ್ತಾರ, ಅನ್ಲಿ.

ಅವರದೂ ಒಂದು ಕಥಿ ಆತು. ಬ್ಯಾಂಕಿನ ಅರ್ಜಿ ತುಂಬಲಿಕ್ಕೆ ಕೂತು, ಎಲ್ಲಾ ದೊಡ್ಡ ಅಕ್ಷರದಾಗ ಬರೀಬೇಕಂತ ಕ್ಯಾಪ್ಸ್ ಲಾಕ್ ಒತ್ತೇ ಒತ್ತಿದರು. ದೀಪ ಹತ್ತಲಿಲ್ಲ. "ಲ್ಯಾಪ್‌ಟಾಪ್ ಕೆಡಿಸಿಟ್ಟೀ ನೋಡು" ಅಂತ ಒದರಾಡಿದರು. ಹಿಡಕೊಂಡೇ ಒತ್ರಿ ಅಂದೆ. ಇನ್ನೂ ಗೊಣಗತಾರ.

ಅವ್ವನ ವಹಿ ಅರ್ಧ ಆಗೇದ. ಹೋದ ವಾರ ಹೊಸಾ ಹಾಳಿ ಒಯ್ದು ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿ, "ಅಕ್ಷರ ಎಲ್ಲಾ ಬರೋಬ್ಬರಿ ಅವ. ಆದ್ರ ಮಸಾಲಿ ಪುಡಿಗೆ ಇಂಗು ಇಷ್ಟು ಕಡಿಮಿ ಅಲ್ಲ, ನಾನೇ ಆಗ ತಪ್ಪು ಬರದೀನಿ, ತಿದ್ದು" ಅಂದ್ಲು.